ನಾಂಪಲ್ಲಿಯ ಏಳು ಹುಡುಗಿಯರು ಮತ್ತು ಮತ್ತೆ ಹಿಡಿದ ಓದು

ನಾಂಪಲ್ಲಿ ಎಂದರೆ ನಮಗೆ ನೆನಪಾಗುವುದು ರೈಲ್ವೆ ಸ್ಟೇಷನ್, ಜನವರಿಯ ನುಮಾಯಿಷ್. ಹೆಣ್ಣುಮಕ್ಕಳ ಓದಿನ ಚರಿತ್ರೆಯಲ್ಲೂ ಈ ಬಡಾವಣೆಗೆ ದೊಡ್ಡ ಸ್ಥಾನವಿದೆ.

1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಆರಂಭವಾಯಿತು. ಆಗ ಕಲಬುರಗಿ, ರಾಯಚೂರು, ಬೀದರ್ ಎಲ್ಲವೂ ನಿಜಾಮರ ರಾಜ್ಯದಲ್ಲೇ ಇದ್ದವು. ಮನೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಉರ್ದು. ಗಂಡುಮಕ್ಕಳಿಗೇ ಕಷ್ಟವಾಗಿದ್ದ ಈ ದಾರಿ ಹೆಣ್ಣುಮಕ್ಕಳಿಗೆ ಇನ್ನೂ ದೂರ. ಶಾಲೆ ಮುಗಿದರೆ ಓದೂ ಮುಗಿದಂತೆ. 1924ರಲ್ಲಿ ನಾಂಪಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಟರ್‌ಮೀಡಿಯೆಟ್ ತರಗತಿ ಶುರುವಾದಾಗ ಸೇರಿದವರು ಕೇವಲ 7 ಮಂದಿ. ಆ ತರಗತಿಯೇ ಬೆಳೆದು ಮಹಿಳಾ ಕಾಲೇಜಾಗಿ, 1949ರಲ್ಲಿ ಕೋಠಿಯ ರೆಸಿಡೆನ್ಸಿ ಕಟ್ಟಡಕ್ಕೆ ಹೋಯಿತು. ಇಂದು ಅದು ಮಹಿಳಾ ವಿಶ್ವವಿದ್ಯಾಲಯ.

ಇದೇ ನಾಂಪಲ್ಲಿಯಲ್ಲಿ ಸರೋಜಿನಿ ನಾಯ್ಡು ಅವರ ಮನೆ 'ಗೋಲ್ಡನ್ ಥ್ರೆಶೋಲ್ಡ್' ಇದೆ. 12ನೇ ವಯಸ್ಸಿಗೆ ಮದ್ರಾಸ್ ವಿಶ್ವವಿದ್ಯಾಲಯದ ಮೆಟ್ರಿಕ್ ಪಾಸಾದ ಅವರ ಓದು ಅಲ್ಲಿಗೆ ಕೆಲವು ವರ್ಷ ನಿಂತುಹೋಯಿತು. 1895ರಲ್ಲಿ ನಿಜಾಮರ ವಿದ್ಯಾರ್ಥಿವೇತನ ದೊರೆತು ಲಂಡನ್‌ಗೆ, ಅಲ್ಲಿಂದ ಕೇಂಬ್ರಿಡ್ಜ್‌ಗೆ ಹೋದರು. ಪದವಿಯಿಲ್ಲದೆ ಮರಳಿದರೂ ಓದಿನ ಹಸಿವು ಅವರನ್ನು ಬಿಡಲಿಲ್ಲ. 1974ರಲ್ಲಿ ಸ್ಥಾಪನೆಯಾದ ಹೈದರಾಬಾದ್ ವಿಶ್ವವಿದ್ಯಾಲಯ ಮೊದಲು ನಡೆದದ್ದೂ ಈ ಮನೆಯಲ್ಲೇ!

ಸರೋಜಿನಿಯವರ ತಂದೆ ಕಾಲೇಜಿನ ಪ್ರಿನ್ಸಿಪಾಲರು, ಬೆನ್ನಿಗೆ ರಾಜಾಶ್ರಯ. ಅದಾವುದೂ ಇಲ್ಲದವರ ಗತಿ? ಉತ್ತರ ದುರ್ಗಾಬಾಯಿ ದೇಶಮುಖ್. ಕಾಕಿನಾಡದಲ್ಲಿ ಬಾಲಕಿಯಾಗಿದ್ದಾಗಲೇ ಇಂಗ್ಲಿಷ್ ಹೇರಿಕೆಯನ್ನು ವಿರೋಧಿಸಿ ಶಾಲೆ ಬಿಟ್ಟರು. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋದರು. ಆಮೇಲೆ ಖಾಸಗಿಯಾಗಿ ಓದಿ ಬನಾರಸ್‌ನ ಮೆಟ್ರಿಕ್, ಬಳಿಕ ಆಂಧ್ರ ವಿಶ್ವವಿದ್ಯಾಲಯದ ಪದವಿ, ಮದ್ರಾಸಿನಲ್ಲಿ ಕಾನೂನು. ಕೊನೆಗೆ ಸಂವಿಧಾನ ಸಭೆಯ ಸದಸ್ಯೆ. ತಾವು ದಾಟಿದ ಹೊಳೆಗೆ ಇತರರಿಗಾಗಿ ಸೇತುವೆ ಕಟ್ಟಿದ್ದು ಅವರ ದೊಡ್ಡತನ. 1937ರಲ್ಲಿ ಆಂಧ್ರ ಮಹಿಳಾ ಸಭಾ ಸ್ಥಾಪಿಸಿದರು. ಬನಾರಸ್ ಮೆಟ್ರಿಕ್‌ಗೆ ಹೆಂಗಸರನ್ನು ತಯಾರು ಮಾಡಿದರು. 1953ರಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿಯ ಮೊದಲ ಅಧ್ಯಕ್ಷೆಯಾದರು. ಮಧ್ಯದಲ್ಲೇ ಓದು ಬಿಟ್ಟ ವಯಸ್ಕ ಹೆಂಗಸರು ಕಡಿಮೆ ಅವಧಿಯಲ್ಲಿ ಶಾಲಾ ಪರೀಕ್ಷೆ ಬರೆಯಲು ನೆರವಾಗುವ ಸಂಕ್ಷಿಪ್ತ ಶಿಕ್ಷಣ ಯೋಜನೆಯನ್ನು ಮಂಡಳಿ 1958ರಲ್ಲಿ ಆರಂಭಿಸಿತು.

ಈ ಚರಿತ್ರೆಯ ಫಲವನ್ನು ನಾನೂ ಉಂಡಿದ್ದೇನೆ. ಪಿಯುಸಿ ಮುಗಿಯುವ ಮೊದಲೇ ಮದುವೆಯಾಗಿ ಕಲಬುರಗಿಯಿಂದ ಇಲ್ಲಿಗೆ ಬಂದೆ. ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ 1982ರಲ್ಲಿ ಇದೇ ನಗರದಲ್ಲಿ ಶುರುವಾಗಿತ್ತು. ಈಗ ಅದಕ್ಕೆ ಡಾ. ಬಿ.ಆರ್. ಅಂಬೇಡ್ಕರ್ ಅವರ ಹೆಸರು. ಮಗಳು ಶಾಲೆಗೆ ಸೇರಿದ ಮೇಲೆ ಅದರ ಅರ್ಹತಾ ಪರೀಕ್ಷೆ ಬರೆದೆ. ಭಾನುವಾರ ಬೆಳಿಗ್ಗೆ ಅಡುಗೆ ಮುಗಿಸಿ ತರಗತಿಗೆ ಓಟ. ಪುಸ್ತಕ ಇಂಗ್ಲಿಷಿನದು, ಅರ್ಥ ಮಾಡಿಕೊಂಡದ್ದು ಕನ್ನಡದಲ್ಲಿ. ನನ್ನ ಬೆಂಚಿನಲ್ಲಿ ಒಬ್ಬ ಅಜ್ಜಿಯೂ ಇದ್ದರು. "ಮೊಮ್ಮಗಳು ಕೇಳಿದರೆ ಉತ್ತರ ಕೊಡಬೇಕಲ್ಲಮ್ಮ" ಎನ್ನುತ್ತಿದ್ದರು. ಮೂರು ವರ್ಷದ ಬಿ.ಎ. ನನಗೆ ಐದು ವರ್ಷ ಹಿಡಿಯಿತು. ಫಲಿತಾಂಶ ಬಂದ ದಿನ ನಮ್ಮವ್ವ ಊರಿನಿಂದ ಫೋನ್ ಮಾಡಿ ಅತ್ತರು. ಅವರು ಶಾಲೆ ಬಿಟ್ಟದ್ದು ನಾಲ್ಕನೇ ಇಯತ್ತೆಗೆ.

ಇವರೆಲ್ಲರ ಕಥೆಯಿಂದ ನನಗೆ ತೋರುವುದು ಇಷ್ಟು. ಓದು ಬಿಟ್ಟವರಿಗೆ ಆಸೆ ಕಡಿಮೆಯಿತ್ತು ಎನ್ನುವುದು ಸುಳ್ಳು. ಕೊರತೆಯಿದ್ದದ್ದು ಬಾಗಿಲಿನದು. ಬಾಗಿಲು ತೆರೆದ ಕಡೆಯೆಲ್ಲ ನಮ್ಮ ಹೆಂಗಸರು ಒಳಗೆ ನಡೆದಿದ್ದಾರೆ, ಏಳು ಮಂದಿಯಾದರೂ ಸರಿ.

ನಮ್ಮ ವೇದಿಕೆಯಲ್ಲೂ ಹತ್ತನೇ ತರಗತಿಗೆ ನಿಂತವರಿದ್ದಾರೆ, ನಮ್ಮ ಮನೆಗೆಲಸಕ್ಕೆ ಬರುವವರಲ್ಲಿ ಶಾಲೆ ಬಿಟ್ಟ ಹುಡುಗಿಯರಿದ್ದಾರೆ. ರಾಷ್ಟ್ರೀಯ ಮುಕ್ತ ಶಾಲೆಯ ಪರೀಕ್ಷೆಗೆ ಗರಿಷ್ಠ ವಯಸ್ಸಿನ ಮಿತಿಯೇ ಇಲ್ಲ. ಅರ್ಜಿ ತುಂಬಲು, ವಾರಕ್ಕೆ ಒಂದು ಗಂಟೆ ಪಾಠ ಹೇಳಲು ನಮ್ಮಲ್ಲಿ ನಿವೃತ್ತ ಶಿಕ್ಷಕಿಯರಿಗೆ ಬರವಿಲ್ಲ. ಈ ವರ್ಷ ಒಬ್ಬರನ್ನಾದರೂ ಪರೀಕ್ಷೆಗೆ ಕೂರಿಸೋಣ. ನಾನು ಇತಿಹಾಸ ಮತ್ತು ಕನ್ನಡ ಹೇಳಿಕೊಡಲು ಸಿದ್ಧ. ಗಣಿತಕ್ಕೆ ಯಾರು ಬರುತ್ತೀರಿ?