ಚಂದ್ರನ ಮೇಲೆ ಪ್ಯಾರಾಚೂಟ್ ಏಕಿಲ್ಲ?

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ವಿಜ್ಞಾನದ ಮೇಷ್ಟ್ರು ಕರವಸ್ತ್ರದ ನಾಲ್ಕು ಮೂಲೆಗೆ ದಾರ ಕಟ್ಟಿ, ಅದಕ್ಕೊಂದು ಕಲ್ಲು ತೂಗುಹಾಕಿ, ಶಾಲೆಯ ಮಹಡಿಯಿಂದ ಬಿಟ್ಟಿದ್ದರು. ಕಲ್ಲು ನಿಧಾನವಾಗಿ ಇಳಿಯಿತು. “ಸಾರ್, ಚಂದ್ರನ ಮೇಲೂ ಹೀಗೇ ಇಳಿಯಬಹುದಾ?” ಎಂದು ಕೇಳಿದೆ. ತರಗತಿಯೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. “ಅಲ್ಲಿ ಗಾಳಿಯೇ ಇಲ್ಲವಲ್ಲಪ್ಪ. ಹಾಗಾದ್ರೆ ಹೇಗೆ ಇಳೀಬೇಕು, ಯೋಚನೆ ಮಾಡು” ಎಂದರು. ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ನಾನು ಬರೆಯುತ್ತಿರುವುದು ಆ ಪ್ರಶ್ನೆಯ ಉತ್ತರವನ್ನೇ.

ಗಾಳಿಯಿಲ್ಲದ ಚಂದ್ರನಲ್ಲಿ ವೇಗ ತಗ್ಗಿಸಲು ರಾಕೆಟ್ ಎಂಜಿನ್ನೇ ಗತಿ. 1966ರ ಫೆಬ್ರವರಿ 3ರಂದು ಸೋವಿಯತ್ ಒಕ್ಕೂಟದ ಲೂನಾ-9 ಹೀಗೆ ವೇಗ ತಗ್ಗಿಸಿಕೊಂಡು, ಗಾಳಿಚೀಲಗಳ ನೆರವಿನಿಂದ ಮೊದಲ ಬಾರಿಗೆ ಅಲ್ಲಿ ಸುರಕ್ಷಿತವಾಗಿ ಇಳಿಯಿತು.

ಶುಕ್ರಗ್ರಹ ಇದಕ್ಕೆ ತದ್ವಿರುದ್ಧ. ಅಲ್ಲಿಯ ನೆಲಮಟ್ಟದ ವಾಯುಒತ್ತಡ ನಮ್ಮದರ ಸುಮಾರು 90 ಪಟ್ಟು, ಉಷ್ಣತೆ ಸುಮಾರು 460 ಡಿಗ್ರಿ. 1970ರ ಡಿಸೆಂಬರ್ 15ರಂದು ವೆನೆರಾ-7 ನೌಕೆಯ ಪ್ಯಾರಾಚೂಟ್ ಕೈಕೊಟ್ಟು ನೌಕೆ ನೆಲಕ್ಕೆ ಬಡಿಯಿತು. ಆದರೂ ಟೇಪುಗಳನ್ನು ಮತ್ತೆ ಪರಿಶೀಲಿಸಿದಾಗ ನೆಲದಿಂದ ಬಂದ 23 ನಿಮಿಷಗಳ ಕ್ಷೀಣ ಸಂಕೇತ ಸಿಕ್ಕಿತು. 1975ರಲ್ಲಿ ವೆನೆರಾ-9 ಸುಮಾರು 50 ಕಿ.ಮೀ. ಎತ್ತರದಲ್ಲೇ ಪ್ಯಾರಾಚೂಟನ್ನು ಕಳಚಿಕೊಂಡಿತು. ನಿಧಾನವಾಗಿ ಇಳಿದರೆ ದಾರಿಯಲ್ಲೇ ಬೆಂದುಹೋಗುವ ಭಯ. ಗಾಳಿ ಎಷ್ಟು ದಟ್ಟವೆಂದರೆ, ಆಮೇಲೆ ತಟ್ಟೆಯಂಥ ಒಂದು ಲೋಹದ ಬಿಲ್ಲೆಯೇ ವೇಗ ತಡೆಯಲು ಸಾಕಾಯಿತು.

ಮಂಗಳನದು ನಡುವಿನ ಕಷ್ಟ. ಅಲ್ಲಿಯ ಗಾಳಿಯ ಒತ್ತಡ ನಮ್ಮದರ ಶೇ. 1ಕ್ಕಿಂತ ಕಡಿಮೆ. ನೌಕೆಯನ್ನು ಸುಡಲು ಸಾಕು, ನಿಲ್ಲಿಸಲು ಸಾಲದು. ಆದ್ದರಿಂದ ಶಾಖ ಕವಚವೂ ಬೇಕು, ಪ್ಯಾರಾಚೂಟೂ ಬೇಕು, ಕೊನೆಗೆ ಮತ್ತೊಂದು ಉಪಾಯವೂ ಬೇಕು. 1997ರಲ್ಲಿ ಅಮೆರಿಕದ ಪಾತ್‌ಫೈಂಡರ್ ಗಾಳಿಚೀಲ ಸುತ್ತಿಕೊಂಡು ಚೆಂಡಿನಂತೆ ಪುಟಿಯುತ್ತ ಇಳಿಯಿತು. ಸುಮಾರು 900 ಕಿಲೋ ತೂಕದ ಕ್ಯೂರಿಯಾಸಿಟಿಗೆ ಅದು ಆಗದ ಮಾತು. 2012ರಲ್ಲಿ ಅದನ್ನು ರಾಕೆಟ್ ಕ್ರೇನಿನಿಂದ, ಬಾವಿಗೆ ಕೊಡ ಇಳಿಸಿದಂತೆ ಇಳಿಸಿದರು. ಶನಿಯ ಉಪಗ್ರಹ ಟೈಟನ್ನಿನಲ್ಲಿ ಗಾಳಿ ದಟ್ಟ, ಗುರುತ್ವ ಕಡಿಮೆ. 2005ರ ಜನವರಿ 14ರಂದು, ನಾವು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿದ್ದಾಗ, ಹೈಗನ್ಸ್ ನೌಕೆ ಸುಮಾರು ಎರಡೂವರೆ ಗಂಟೆ ಪ್ಯಾರಾಚೂಟಿನಲ್ಲೇ ತೇಲುತ್ತ ಅಲ್ಲಿಗೆ ಇಳಿಯಿತು.

2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ನಾನು ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಟಿ.ವಿ. ಮುಂದೆ ಕುಳಿತಿದ್ದೆ. ಚಂದ್ರಯಾನ-2ರ ವಿಕ್ರಮ್ ಸಂಪರ್ಕ ಕಡಿದುಹೋಯಿತು. ಕಚೇರಿಯಲ್ಲಿ ನಾನು ಬರೆದ ಪ್ರೋಗ್ರಾಮಿನಲ್ಲಿ ತಪ್ಪಾದರೆ ನಾಳೆ ತಿದ್ದಬಹುದು. ಅಲ್ಲಿ ಆ ಅವಕಾಶವಿಲ್ಲ. ಸಂಕೇತ ಚಂದ್ರನನ್ನು ಮುಟ್ಟಲು ಒಂದು ಸೆಕೆಂಡಿಗಿಂತ ಹೆಚ್ಚು ಬೇಕಾದ್ದರಿಂದ ಕೊನೆಯ ನಿರ್ಧಾರಗಳೆಲ್ಲ ನೌಕೆಯವೇ. ಎಂಜಿನ್ನುಗಳ ತಳ್ಳುಬಲ ನಿರೀಕ್ಷೆಗಿಂತ ಹೆಚ್ಚಾಗಿ, ತಿದ್ದಿಕೊಳ್ಳುವಷ್ಟರಲ್ಲಿ ಹೊತ್ತು ಮೀರಿತ್ತು. ಇಸ್ರೋ ತಪ್ಪನ್ನು ಅಲ್ಲಿಗೇ ಬಿಡಲಿಲ್ಲ. ಒಂದೊಂದೇ ಹುಡುಕಿ, ಕಾಲುಗಳನ್ನು ಗಟ್ಟಿ ಮಾಡಿ, ಇಂಧನ ಹೆಚ್ಚಿಸಿ, ಇಳಿಯುವ ಜಾಗವನ್ನು ವಿಸ್ತರಿಸಿ, ತಂತ್ರಾಂಶ ತಿದ್ದಿತು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯಿತು.

ಆ ಸಂಜೆ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ನಿವೃತ್ತರಾಗಿ ವರ್ಷಗಳಾಗಿದ್ದವು. “ಉತ್ತರ ಸಿಕ್ತೇನಪ್ಪ?” ಎಂದರು. ಅವರಿಗೆ ನೆನಪಿತ್ತು!

ಈಗ ಓದುತ್ತಿರುವ ಮಕ್ಕಳಿಗೆ ನನ್ನದೊಂದೇ ಮಾತು: ನಗುತ್ತಾರೆಂದು ಪ್ರಶ್ನೆಯನ್ನು ನುಂಗಬೇಡಿ. ನಮ್ಮ ಶಾಲೆಯಲ್ಲಿ ಕೇಳುವವರಿಗೆ ಉತ್ತರ ಹೇಳುವವರು ಇದ್ದರು, ಈಗಲೂ ಇದ್ದಾರೆ.