ಚಿತ್ತಾಸ್ಲೋ

ಅವಸರವಿಲ್ಲದ ಬದುಕನ್ನು ಊರಿನ ಆಡಳಿತದ ಮೂಲಕವೇ ರೂಢಿಸಲು ಹೊರಟ ಸಣ್ಣ ಪಟ್ಟಣಗಳ ಅಂತರರಾಷ್ಟ್ರೀಯ ಒಕ್ಕೂಟ. 1999ರಲ್ಲಿ ಇಟಲಿಯಲ್ಲಿ ಹುಟ್ಟಿತು. ಕೇಂದ್ರ ಕಚೇರಿ ಅಲ್ಲಿನ ಓರ್ವಿಯೇತೋದಲ್ಲಿದೆ. ಲಾಂಛನ ಬೆನ್ನ ಮೇಲೆ ಊರನ್ನೇ ಹೊತ್ತ ಬಸವನಹುಳು. ಟಸ್ಕನಿಯ ಗ್ರೇವೆ ಇನ್ ಕಿಯಾಂತಿ ಪಟ್ಟಣದ ಅಂದಿನ ಮೇಯರ್ ಪಾವೊಲೊ ಸತುರ್ನೀನಿ ಇದರ ಮೂಲ ಪ್ರೇರಕ. ಓರ್ವಿಯೇತೋ, ಬ್ರಾ, ಪೊಸಿತಾನೊ ಪಟ್ಟಣಗಳು ಮೊದಲು ಜೊತೆಗೂಡಿದವು.

ಇದರ ಬೇರು ಸ್ಲೋ ಫುಡ್ ಚಳವಳಿಯಲ್ಲಿದೆ. 1986ರಲ್ಲಿ ರೋಮ್‌ನ ಪಿಯಾತ್ಸಾ ದಿ ಸ್ಪಾನ್ಯಾ ಬಳಿ ಮೆಕ್‌ಡೊನಾಲ್ಡ್ಸ್ ಮಳಿಗೆ ತೆರೆದಾಗ ಎದ್ದ ಪ್ರತಿಭಟನೆಯಿಂದ ಪತ್ರಕರ್ತ ಕಾರ್ಲೊ ಪೆಟ್ರೀನಿ ಅದನ್ನು ಕಟ್ಟಿದರು. 1989ರಲ್ಲಿ ಪ್ಯಾರಿಸ್‌ನಲ್ಲಿ ಅದರ ಪ್ರಣಾಳಿಕೆಗೆ ಹಲವು ದೇಶಗಳ ಪ್ರತಿನಿಧಿಗಳು ಸಹಿ ಹಾಕಿದರು. ಊಟದ ತಟ್ಟೆಗೆ ಅನ್ವಯಿಸಿದ ವಿವೇಕವನ್ನು ಬೀದಿ, ಮಾರುಕಟ್ಟೆ, ಶಾಲೆಗಳಿಗೂ ವಿಸ್ತರಿಸಿದ್ದೇ ಚಿತ್ತಾಸ್ಲೋದ ಹೆಚ್ಚುಗಾರಿಕೆ.

ಪೂರ್ಣ ಸದಸ್ಯತ್ವಕ್ಕೆ ಪಟ್ಟಣದ ಜನಸಂಖ್ಯೆ 50,000 ಮೀರುವಂತಿಲ್ಲ. ಗಾಳಿ ಮತ್ತು ನೀರಿನ ಶುದ್ಧತೆ, ಸೈಕಲ್ ದಾರಿ, ಶಬ್ದ ನಿಯಂತ್ರಣ, ಸ್ಥಳೀಯ ರೈತರ ಸಂತೆ, ಕುಶಲಕರ್ಮಿಗಳ ರಕ್ಷಣೆ ಮೊದಲಾದ ಮಾನದಂಡಗಳಲ್ಲಿ ಊರನ್ನು ಅಳೆಯುತ್ತಾರೆ. ನಿಧಾನವಾಗಿ ಬದುಕುವುದು ಒಬ್ಬೊಬ್ಬರ ಮನೋಬಲಕ್ಕೆ ಬಿಟ್ಟ ವಿಷಯವಲ್ಲ, ಅದಕ್ಕೆ ಕಾಲುದಾರಿಯೂ ನೆರಳೂ ಬೇಕು ಎಂಬ ಈ ತಿಳಿವಳಿಕೆ ಬಹಳ ದೊಡ್ಡದು. ಆದರೆ ಜನಸಂಖ್ಯೆಯ ಮಿತಿಯಿಂದಾಗಿ, ಧಾವಂತದಲ್ಲಿ ಅತಿ ಹೆಚ್ಚು ಬೇಯುವ ಮಹಾನಗರಗಳ ದುಡಿಯುವ ಜನ ಹೊರಗೇ ಉಳಿಯುತ್ತಾರೆ. ಈ ಕೊರತೆ ನಿಜವಾದದ್ದು.

ಏಷ್ಯಾದಲ್ಲಿ ಮೊದಲು ಸೇರಿದ್ದು ದಕ್ಷಿಣ ಕೊರಿಯಾದ ಊರುಗಳು, 2007ರಲ್ಲಿ. ಅಲ್ಲಿನ ಚೊಂಗ್ಸಾನ್ ದ್ವೀಪದ ಕಲ್ಲುಗೋಡೆಯ ಹೊಲಗಳ ನಡುವಿನ ನಡಿಗೆಯ ಹಾದಿ ಹೆಸರಾಗಿದೆ. ಟರ್ಕಿಯ ಸೆಫೆರಿಹಿಸಾರ್ 2009ರಲ್ಲಿ ಸೇರಿತು.