ಚಿಲಿಯಿಂದ ಬಂದ ಐದು ಗಿಡಗಳು

ಬಾಳೆಯ ತೋಟವನ್ನು ಕಂಡವರಿಗೆ ಕಂದಿನ ವಿಷಯವನ್ನು ವಿವರಿಸಬೇಕಾದುದಿಲ್ಲ. ಗೊನೆ ಕೊಟ್ಟ ತಾಯಿಗಿಡವು ಅಳಿಯುತ್ತದೆ. ಬುಡದಲ್ಲಿ ಎದ್ದ ಕಂದು ಅದರ ಸ್ಥಾನವನ್ನು ಹಿಡಿಯುತ್ತದೆ. ಸ್ಟ್ರಾಬೆರಿಯ ಬಾಳೂ ಹೆಚ್ಚುಕಡಮೆ ಇದೇ ಬಗೆಯದು. ಗೇಣುದ್ದದ ಈ ಗಿಡವು ಬೇಸಗೆಯಲ್ಲಿ ನೆಲದ ಮೇಲೆ ಸಣ್ಣ ಕುಡಿಗಳನ್ನು ಚಾಚುತ್ತದೆ. ಕುಡಿಯ ಗೆಣ್ಣು ಮಣ್ಣನ್ನು ತಾಕಿದೆಡೆಯಲ್ಲಿ ಬೇರು ಬಿಟ್ಟು ಮರಿಗಿಡವಾಗುತ್ತದೆ. ಎರಡು ಮೂರು ಫಸಲು ಕೊಟ್ಟ ಮೇಲೆ ತಾಯಿಗಿಡದ ಬುಡವು ಮೇಲೆದ್ದು ಗಡುಸಾಗಿ, ಹಣ್ಣು ಕಿರಿದಾಗುತ್ತ ಬರುವುದರಿಂದ, ತೋಟಗಾರನು ಅದನ್ನು ಕಿತ್ತು ಮರಿಯನ್ನು ನೆಡುತ್ತಾನೆ. ಬೀಜದಿಂದ ಹುಟ್ಟಿದುದರಲ್ಲಿ ತಂದೆಯ ಪಾಲೂ ಇರುತ್ತದೆ; ಈ ಮರಿಯಲ್ಲಿ ತಾಯಿಯೇ ಪೂರ್ಣವಾಗಿ ಇರುತ್ತಾಳೆ, ಗುಣದೋಷಗಳ ಸಮೇತವಾಗಿ. ಹೀಗೆ ವರ್ಷದಿಂದ ವರ್ಷಕ್ಕೆ ಉಳಿದು ಬಂದ ಗಿಡವು ಫಲವನ್ನೂ ಕೊಟ್ಟೇ ತೀರುವುದೆಂಬ ನಿಯಮವಿಲ್ಲ. ಮಹನೀಯರೆ, ಇಂದಿನ ಕಥೆಯ ತಿರುಳು ಇಲ್ಲಿದೆ.

1712ರಲ್ಲಿ ಫ್ರಾನ್ಸಿನ ಸೇನಾ ಎಂಜಿನಿಯರನಾದ ಫ್ರೆಜಿಯೆ ಎಂಬಾತನು ದಕ್ಷಿಣ ಅಮೆರಿಕದ ಪಶ್ಚಿಮ ಕರಾವಳಿಗೆ ಹೊರಟನು. ಚಿಲಿ, ಪೆರು ದೇಶಗಳಲ್ಲಿ ಸ್ಪೇನಿನವರು ಕಟ್ಟಿದ್ದ ಕೋಟೆಗಳನ್ನು ಪರಿಶೀಲಿಸಿ ನಕ್ಷೆ ಬರೆಯುವುದು ಅವನ ಕೆಲಸ. ಚಿಲಿಯ ಕನ್ಸೆಪ್ಸಿಯೋನ್ ಪಟ್ಟಣದ ಸುತ್ತ ಆತನ ಕಣ್ಣಿಗೆ ಬಿದ್ದುದು ಕೋಟೆಯಷ್ಟೇ ಅಲ್ಲ. ಅಲ್ಲಿನ ಮೂಲನಿವಾಸಿಗಳು ಬಹುಕಾಲದಿಂದ ಬೆಳೆಸಿಕೊಂಡು ಬಂದಿದ್ದ ಒಂದು ಸ್ಟ್ರಾಬೆರಿಯ ಹಣ್ಣು ಅಕ್ರೋಟಿನಷ್ಟು, ಕೆಲವೊಮ್ಮೆ ಕೋಳಿಮೊಟ್ಟೆಯಷ್ಟು ದಪ್ಪನಾಗಿದ್ದಿತು. ಫ್ರಾನ್ಸಿನ ಕಾಡುಹಣ್ಣಾದರೋ ಬೆರಳ ತುದಿಯಷ್ಟು. ಫ್ರೆಂಚರು ಸ್ಟ್ರಾಬೆರಿಯನ್ನು ಕರೆಯುವ ಹೆಸರಿಗೂ ಈತನ ಮನೆತನದ ಹೆಸರಿಗೂ ಇರುವ ಹೋಲಿಕೆಯನ್ನು ಕಂಡರೆ, ವಿಧಿಗೂ ಒಂದಿಷ್ಟು ವಿನೋದ ತಿಳಿದಿದೆ ಎನ್ನಬೇಕು.

ಹಿಂದಿರುಗುವ ಪ್ರಯಾಣವು ಸುಮಾರು ಆರು ತಿಂಗಳಿನದು. ಹಡಗಿನಲ್ಲಿ ಕುಡಿಯುವ ನೀರಿಗೇ ಅಭಾವ. ಅದರಲ್ಲಿ ಪಾಲು ತೆಗೆದು ಗಿಡಗಳಿಗೆ ಎರೆಯಬೇಕು. 1714ರಲ್ಲಿ ಹಡಗು ಮಾರ್ಸೇಲ್ಸ್ ಬಂದರನ್ನು ಮುಟ್ಟಿದಾಗ ಐದು ಗಿಡಗಳು ಜೀವದಿಂದಿದ್ದುವು. ನೀರನ್ನು ಒದಗಿಸಿದ ಸರಕಿನ ಅಧಿಕಾರಿಗೆ ಅವುಗಳಲ್ಲಿ ಎರಡು ಸಂದುವು. ಒಂದನ್ನು ಪ್ಯಾರಿಸಿನ ರಾಜೋದ್ಯಾನದ ಜ್ಯೂಸ್ಯೂ ಪಂಡಿತನಿಗೂ, ಒಂದನ್ನು ಕೋಟೆಗಳ ಮೇಲಧಿಕಾರಿಗೂ ಒಪ್ಪಿಸಿ, ಫ್ರೆಜಿಯೆ ಒಂದನ್ನು ತಾನಿಟ್ಟುಕೊಂಡನು.

ಗಿಡಗಳು ಬದುಕಿದುವು, ಹಬ್ಬಿದುವು. ಮರಿಗಳು ಹಾಲೆಂಡಿಗೂ ಇಂಗ್ಲೆಂಡಿಗೂ ಹೋದುವು. ಹೂವೂ ಬಿಟ್ಟಿತು. ಆದರೆ ಆ ಪ್ರಖ್ಯಾತವಾದ ಹಣ್ಣು ಮಾತ್ರ ತೋಟಗಾರರಿಗೆ ಅಪರೂಪವಾಯಿತು. ಕಾರಣವನ್ನು ನಮ್ಮ ಹಿತ್ತಿಲ ಪರಂಗಿಯನ್ನು ನೋಡಿ ತಿಳಿಯಬಹುದು. ಅದರಲ್ಲಿರುವಂತೆ ಈ ಜಾತಿಯಲ್ಲಿಯೂ ಸಾಮಾನ್ಯವಾಗಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ದಪ್ಪ ಹಣ್ಣುಳ್ಳ ಗಿಡಗಳನ್ನೇ ಫ್ರೆಜಿಯೆ ಆರಿಸಿರಬೇಕೆಂದು ಊಹಿಸುತ್ತಾರೆ. ಹಾಗೆ ಆರಿಸಿದವನಿಗೆ ದೊರೆಯುವುದೆಲ್ಲ ಹೆಣ್ಣೇ. ಮರಿಗಳಾದರೂ ಆ ತಾಯಿಯ ಪಡಿಯಚ್ಚು. ಸಾವಿರ ಮರಿಗಳನ್ನು ನೆಟ್ಟರೂ ಗಂಡು ಒಂದೂ ಹುಟ್ಟುವಂತಿಲ್ಲ. ಫ್ರಾನ್ಸಿನ ಕಾಡುಜಾತಿ ಪಕ್ಕದಲ್ಲಿದ್ದರೂ ಅದು ದೂರದ ನೆಂಟ: ಅದರ ಜೀವಕೋಶದಲ್ಲಿ 14 ವರ್ಣತಂತುಗಳು, ಚಿಲಿಯದರಲ್ಲಿ 56.

ಬ್ರಿಟನಿ ಪ್ರಾಂತದಲ್ಲಿ, ಬ್ರೆಸ್ಟ್ ರೇವಿನ ಬಳಿಯ ಪ್ಲೂಗಸ್ತೆಲ್‌ನ ರೈತರು ಈ ತೊಡಕನ್ನು ಬಿಡಿಸಿದರು. ಉತ್ತರ ಅಮೆರಿಕದಿಂದ ಅದಕ್ಕೂ ಮೊದಲೇ ಬಂದಿದ್ದ ವರ್ಜೀನಿಯದ ಸ್ಟ್ರಾಬೆರಿ ಅವರ ಹೊಲಗಳಲ್ಲಿ ಚಿಲಿಯ ಗಿಡದ ನೆರೆಯಲ್ಲಿದ್ದಿತು. ಅದರಲ್ಲಿಯೂ ವರ್ಣತಂತುಗಳು 56. ಪರಾಗ ಒಗ್ಗಿತು, ಹಣ್ಣು ತುಂಬಿತು. ಆ ರೈತರ ಹೆಸರುಗಳನ್ನು ಚರಿತ್ರೆ ಉಳಿಸಿಕೊಂಡಿಲ್ಲ. ಚರಿತ್ರೆಯ ಈ ಅಭ್ಯಾಸವು ನನಗೆ ಎಂದೂ ಹಿಡಿಸಿದುದಿಲ್ಲ.

ಕಾರಣವನ್ನು ತಿಳಿದು ಬರೆದ ಕೀರ್ತಿ ವರ್ಸೇಲ್ಸಿನ ದ್ಯೂಶೆನ್ ಎಂಬ ಹುಡುಗನದು. 1764ರಲ್ಲಿ, ತನ್ನ ಹದಿನೇಳನೆಯ ವಯಸ್ಸಿನಲ್ಲಿ, ಅವನು ಕಸ್ತೂರಿಗಂಧದ ಇನ್ನೊಂದು ಜಾತಿಯ ಪರಾಗವನ್ನು ಚಿಲಿಯ ಹೂವಿಗೆ ದೊರಕಿಸಿ, ಬಂದ ಹಣ್ಣುಗಳನ್ನು ಹದಿನೈದನೆಯ ಲೂಯಿಗೆ ಒಪ್ಪಿಸಿದನು. ಎರಡು ವರ್ಷಗಳ ಬಳಿಕ ಪ್ರಕಟವಾದ ತನ್ನ ಗ್ರಂಥದಲ್ಲಿ, ಯೂರೋಪಿನ ತೋಟಗಳಲ್ಲಿ ಕಾಣಿಸಿಕೊಂಡಿದ್ದ ಅನಾನಸಿನ ಗಂಧದ ಹೊಸ ಸ್ಟ್ರಾಬೆರಿಯು ಚಿಲಿ ಮತ್ತು ವರ್ಜೀನಿಯ ಜಾತಿಗಳ ಸಂತಾನವೆಂದು ತಿಳಿಸಿದನು. ಇಂದು ಪೇಟೆಗೆ ಬರುವ ಹಣ್ಣು ಈ ಸಂತಾನದ್ದು. ಇದರ ಹೂವಿನಲ್ಲಿ ಗಂಡು ಹೆಣ್ಣುಗಳೆರಡೂ ಸಾಮಾನ್ಯವಾಗಿ ಕೂಡಿಯೇ ಇರುವುದರಿಂದ ಆ ಹಳೆಯ ತೊಡಕು ಇಲ್ಲ.

ಆದರೂ ಮರಿಯ ಮೂಲಕ ದೋಷವು ಸಾಗುವ ಭಯ ಹೋಗಿಲ್ಲ. ತಾಯಿಗೆ ತಗುಲಿದ ವೈರಸ್ ರೋಗವು ಕುಡಿಯೊಳಗೆ ಹರಿದು ಮರಿಗೂ ಬರುತ್ತದೆ. ಗಿಡ ಸಾಯದೆ, ಇಳುವರಿ ಮಾತ್ರ ವರ್ಷವರ್ಷಕ್ಕೂ ಕುಗ್ಗುತ್ತದೆ. ನಮ್ಮ ಕೃಷ್ಣೆಯು ಹುಟ್ಟುವ ಮಹಾಬಲೇಶ್ವರದಲ್ಲಿ ಈಗ ಸ್ಟ್ರಾಬೆರಿ ದೊಡ್ಡ ಬೆಳೆ. ಅಲ್ಲಿನ ಬೆಳೆಗಾರರಲ್ಲಿ ಅನೇಕರು ಹಳೆಯ ಮರಿಗಳನ್ನೇ ನೆಚ್ಚದೆ, ರೋಗವಿಲ್ಲದ ತಾಯಿಗಿಡಗಳನ್ನು ಅಮೆರಿಕದಿಂದ ತರಿಸಿ, ಮಳೆಗಾಲದಲ್ಲಿ ಅವುಗಳ ಕುಡಿಗಳಿಂದ ಮರಿ ಮಾಡಿ, ಮಳೆ ಹಿಂದೆಗೆದ ಮೇಲೆ ಹೊಲದಲ್ಲಿ ನೆಡುತ್ತಾರೆ.